ಗಾಳದ ಕೋಲಿಗೆ ಹೊಗೆಯ ವಾಸನೆ

ಇಳಕಲ್ಲ
ಗುರುವಾರ, ತಾ. ೧೧ ಫೆಬ್ರುವರಿ ೧೯೦೯

ಬಾಗಲಕೋಟೆ ಬಂಗಲೆಯ ಪಟ್ಟೇವಾಲ ಮಾಳಪ್ಪನಿಗೆ,

ಇಳಕಲ್ಲಿನ ಅಲ್ಲಾಸಾಬನ ಸಲಾಂ. ಮೊದಲಾಗಿದ್ದರೆ ‘ಜೀವದ ಗೆಳೆಯ ಮಾಳಪ್ಪನಿಗೆ’ ಎಂದು ಬರೆಯುತ್ತಿದ್ದೆ. ಈಗ ನೀನು ಎದೆಗೆ ಹಿತ್ತಾಳೆಯ ಬಿಲ್ಲೆ ಹಾಕಿಕೊಂಡವನು, ನಾನು ಮೊದಲಿನಂತೆ ಮಗ್ಗದ ಹಣಿಗೆ ಕಟ್ಟುವವನು. ಅದಕ್ಕೆ ಹುದ್ದೆ ಹಿಡಿದೇ ಕರೆದಿದ್ದೇನೆ. ಸಿಟ್ಟು ಬಂದರೆ ಬರಲಿ.

ನಿನ್ನ ಪತ್ರ ಮಂಗಳವಾರ ಮುಟ್ಟಿತು. ಇದ್ದದ್ದೇ ಆರು ಸಾಲು. ಎರಡು ದಿನದಿಂದ ಆ ಆರು ಸಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದೇನೆ. ನಿನ್ನ ಮೇಲೆ ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದಾರೆ. ನೀನು ಘಟಪ್ರಭೆಯ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕುತ್ತೀ, ಮತ್ತೇರಿ ತೇಲಿದ ಮೀನನ್ನು ಹೆಕ್ಕಿ, ಗಾಳದಲ್ಲಿ ಹಿಡಿದೆನೆಂದು ಸಾಹೇಬರ ಅಡಿಗೆಮನೆಗೆ ಕೊಡುತ್ತೀ ಎಂದು ಅದರಲ್ಲಿ ಬರೆದಿದೆ. ಊರವರು ಕುಡಿಯುವ ನೀರಿಗೆ ವಿಷ ಹಾಕಿದ ಮಾತಾದ್ದರಿಂದ ಬರುವ ಸೋಮವಾರ ಸಾಹೇಬರ ಮುಂದೆ ವಿಚಾರಣೆ. ಖರೆ ಎಂದು ಕಂಡರೆ ನೌಕರಿ ಹೋಗುವುದಲ್ಲದೆ ಪೊಲೀಸರ ಕೈಗೂ ಹೋಗಬೇಕು. ಲಕೋಟೆಯ ಮೇಲೆ ಹುನಗುಂದದ ಟಪಾಲಿನ ಠಸ್ಸೆ. ಕಾರಕೂನರು ಅರ್ಜಿ ನಿನ್ನ ಮುಂದೆ ಹಿಡಿದು, ಈ ಅಕ್ಷರ ಯಾರದೆಂದು ಬಲ್ಲೆಯಾ ಎಂದು ಕೇಳಿದರು, ನೀನು ಗೊತ್ತಿಲ್ಲ ಎಂದೆ. ಕಡೆಗೆ ಒಂದು ಸಾಲು: ‘ನಿನ್ನ ಕೈ ಹೆಂಗೈತಿ? ಬೀಸೋದು ಬಿಟ್ಟೀಯೇನು?’

ಇದನ್ನೆಲ್ಲ ನನಗೆ ಏಕೆ ಬರೆದೆ? ಎರಡು ತಿಂಗಳಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಮಾತು ಬಿಟ್ಟವನಿಗೆ ಒಮ್ಮೆಲೇ ಪತ್ರ ಬರೆಯುವುದೆಂದರೆ ಒಳಗೆ ಏನೋ ಇರಬೇಕು. ಹುನಗುಂದ ಎಂದು ಬರೆದು ಅದರ ಕೆಳಗೆ ಗೆರೆ ಎಳೆದಿದ್ದೀ. ಗೆರೆ ಏಕೆ? ಹುನಗುಂದ ಇಳಕಲ್ಲಿಗೆ ಹತ್ತಿರವೆಂದೇ? ಅಲ್ಲಿಯೂ ಓದು ಬರಹ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಹುನಗುಂದದಲ್ಲಿ ನನಗೇನು ಕೆಲಸ? ಆ ಅರ್ಜಿಗೂ ನನಗೂ ಸಂಬಂಧವಿಲ್ಲ. ಆಣೆ ಮಾಡಿ ಹೇಳು ಎನ್ನಬೇಡ, ಮಾತು ಮಾತಿಗೆ ಆಣೆ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ನೀನು ಕೇಳದೆ ಕೇಳಿದ್ದಕ್ಕೆ ಉತ್ತರ ಕೊಟ್ಟಾಯಿತು. ಈಗ ನನ್ನ ಪ್ರಶ್ನೆ. ಡಿಸೆಂಬರಿನಲ್ಲಿ ನನ್ನ ಕೋಲಿಗೆ ಏನು ಮಾಡಿದೆ?

ಎಲ್ಲವೂ ನಿನಗೆ ಗೊತ್ತಿದ್ದದ್ದೇ. ಆದರೂ ಪಂಚರ ಮುಂದೆ ಕುಳಿತು ಹೇಳುವಂತೆ ಮೊದಲಿನಿಂದ ಹೇಳುತ್ತೇನೆ. ಎಲ್ಲಿ ಸುಳ್ಳು ಕಂಡರೂ ಅಲ್ಲಿ ಬೆರಳಿಡು.

ಮೂರು ವರ್ಷದ ಹಿಂದೆ ಕಾಲುವೆಯ ಇಂಜಿನೀಯರ ಸಾಹೇಬರು ಬಾಗಲಕೋಟೆಗೆ ಬಂದಾಗ ಅವರ ವಿಲಾಯತಿ ಮೀನಿನ ಕೋಲಿನ ತುದಿ ಮುರಿದಿತ್ತು. ಬಿದಿರಿನ ಸಣ್ಣ ಕೆಲಸ ಬಲ್ಲವರು ಯಾರೆಂದು ವಿಚಾರಿಸಿದಾಗ ಇಳಕಲ್ಲಿನ ಹಣಿಗೆಯವರ ಅಲ್ಲಾಸಾಬ ಎಂದು ಯಾರೋ ಹೇಳಿದರು. ಸೀರೆಯ ಎಳೆಗಳನ್ನು ಸಾಲುಗೂಡಿಸುವ ಹಣಿಗೆಗಾಗಿ ದಿನವಿಡೀ ಕಡ್ಡಿ ಸೀಳುವವನಿಗೆ ಆ ತುದಿ ಯಾವ ಲೆಕ್ಕ? ಮಾಡಿಕೊಟ್ಟೆ. ಸಾಹೇಬರು ಖುಷಿಯಾಗಿ, ಇಂಥದೇ ಇನ್ನೊಂದು ಕೋಲು ಮಾಡು ಎಂದರು. ಅದನ್ನೂ ಮಾಡಿದೆ. ನಮ್ಮ ಬಿದಿರು ವಿಲಾಯತಿ ಕೋಲಿನಷ್ಟು ಬಿರುಸಾಗಲಿಲ್ಲ. ಮೆತ್ತಗಾಯಿತು, ಬುಡದವರೆಗೂ ಬಾಗುತ್ತಿತ್ತು. ಸಾಹೇಬರಿಗೆ ಅದರ ಮೇಲೆಯೇ ಹೆಚ್ಚು ಜೀವ. ಅದೇ ಹೊತ್ತಿಗೆ ಹೊಳೆದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ನೀನು, ಸಾಹೇಬರ ಗಾಳ ಕಲ್ಲಿಗೆ ಸಿಕ್ಕಾಗೆಲ್ಲ ನೀರಿಗಿಳಿದು ಬಿಡಿಸಿಕೊಡುತ್ತ ನಮ್ಮ ಜೊತೆ ಸೇರಿದೆ.

ಸಾಹೇಬರು ನಮಗಿಬ್ಬರಿಗೂ ಬೀಸುವುದನ್ನು ಕಲಿಸಿದರು. ಕೋಳಿಯ ಗರಿ ಕಟ್ಟಿ ನೊಣದಂತೆ ಮಾಡಿದ ಗಾಳ. ತೂಕವೆಂಬುದೇ ಇಲ್ಲ, ಎಸೆದರೆ ಹೋಗುವುದಿಲ್ಲ. ಎಣ್ಣೆ ಕುಡಿಸಿದ ರೇಷ್ಮೆಯ ಹುರಿಯನ್ನು ಮೊದಲು ಹಿಂದಕ್ಕೆ ಬೀಸಬೇಕು. ಅದು ಬೆನ್ನ ಹಿಂದೆ ನೆಟ್ಟಗೆ ಚಾಚುವವರೆಗೆ ಉಸಿರು ಹಿಡಿದು ತಡೆಯಬೇಕು. ಆಮೇಲೆ ಮುಂದಕ್ಕೆ ಬೀಸಿ ಗಕ್ಕನೆ ನಿಲ್ಲಿಸಿದರೆ, ಬಾಗಿದ ಕೋಲು ನೆಟ್ಟಗಾಗುತ್ತ ಹುರಿಯನ್ನು ತಾನೇ ಒಯ್ದು ನೀರಿನ ಮೇಲೆ ಇಡುತ್ತದೆ. ಮೊದಲ ವಾರ ನೀನು ನಿನ್ನ ರುಮಾಲಿಗೇ ಗಾಳ ಸಿಕ್ಕಿಸಿಕೊಂಡು, ‘ಇವತ್ತ ಭಾಳ ದೊಡ್ಡ ಮೀನ ಬಿತ್ತು ನೋಡ್ರಿ’ ಎಂದದ್ದು, ಸಾಹೇಬರು ಹೊಟ್ಟೆ ಹಿಡಿದು ನಕ್ಕದ್ದು ನೆನಪಿದೆಯೇ? ನನಗೆ ನೆನಪಿದೆ. ನೆನಪಾದರೆ ಈಗ ಸಿಟ್ಟು ಬರುತ್ತದೆ.

ನಿನ್ನದು ಕವಣೆಯ ಕೈ. ತೋಳ ಬಂದರೆ ಥಟ್ಟನೆ ಕಲ್ಲು ಬಿಡುವ ಕೈ. ಅದಕ್ಕೆ ವಿಲಾಯತಿ ಕೋಲು ನಿನಗೆ ಒಗ್ಗಿತು. ನನ್ನದು ಬಿದಿರು ಬಾಗಿಸುವ ಕೈ. ಎಷ್ಟು ಬಾಗುತ್ತದೋ ಅಷ್ಟೇ ಬಾಗಿಸಿ, ಅದು ಹೂಂ ಎನ್ನುವವರೆಗೆ ಕಾಯುವ ಕೈ. ಅದಕ್ಕೆ ನಾನು ಮಾಡಿದ ಕೋಲು ನನಗೆ ಒಗ್ಗಿತು. ಬಿರುಸು ಕೋಲಿಗೆ ಬೀಸು ಗಿಡ್ಡ, ಕೈ ಚುರುಕು. ಮೆತ್ತನೆ ಕೋಲಿಗೆ ಬೀಸು ಉದ್ದ, ಕೈ ನಿಧಾನ, ಹಿಂದೆ ತಡೆಯುವುದೂ ಹೆಚ್ಚು. ಬಿರುಸಾದದ್ದನ್ನು ನಿಧಾನ ಬೀಸಿದರೆ ಅದು ಬಾಗುವುದೇ ಇಲ್ಲ, ಹುರಿ ಮೂಗಿನ ಮುಂದೆ ಗುಪ್ಪೆಯಾಗಿ ಬೀಳುತ್ತದೆ. ಮೆತ್ತನೆಯದನ್ನು ಜಗ್ಗಿ ಬೀಸಿದರೆ ತುದಿ ತಗ್ಗಿ ಹುರಿಗೆ ಹುರಿ ಸಿಕ್ಕಿ ಗಂಟಾಗುತ್ತದೆ. ಇದನ್ನು ಸಾಹೇಬರು ಹೇಳಿಕೊಟ್ಟರು. ಆದರೆ ನಿನ್ನ ತಲೆಗೆ ಹೋಗುವ ಹಾಗೆ ಬಿಡಿಸಿ ಹೇಳಿದವನು ನಾನು. ಮೀನು ಕಚ್ಚದ ಮಧ್ಯಾಹ್ನಗಳಲ್ಲಿ ಹೊಳೆಯ ಉಸುಕಿನ ಮೇಲೆ ನಿನಗೆ ಅಕ್ಷರ ತಿದ್ದಿಸಿದವನೂ ನಾನೇ. ಈಗ ನನಗೇ ಪತ್ರ ಬರೆಯುವಷ್ಟು ಆಗಿದ್ದೀ.

ಕಳೆದ ವರ್ಷ ಮುಂಗಾರಿಗೆ ಸಾಹೇಬರು ರಜೆಯ ಮೇಲೆ ವಿಲಾಯತಿಗೆ ಹೊರಟರು. ಹೋಗುವಾಗ ಮೆತ್ತನೆ ಕೋಲಿನ ಕಟ್ಟುಗಳು ಸಡಿಲಾಗಿವೆ, ಬಿಗಿ ಮಾಡಿಡು ಎಂದು ನನ್ನ ಕೈಗೆ ಕೊಟ್ಟರು. ತಿರುಗಿ ಬಂದ ಮೇಲೆ ನಮ್ಮಿಬ್ಬರಲ್ಲಿ ಒಬ್ಬನನ್ನು ಖಾಯಂ ಪಟ್ಟೇವಾಲನಾಗಿ ಹಚ್ಚಿಕೊಳ್ಳುತ್ತೇನೆ, ಒಂದು ಪರೀಕ್ಷೆ ಇಡುತ್ತೇನೆ ಎಂದೂ ಹೇಳಿದರು. ನಾನು ಇಳಕಲ್ಲಿನ ಕೆಂಪು ರೇಷ್ಮೆಯಿಂದ ಕಟ್ಟು ಹಾಕಿ, ಬಟ್ಟೆಯ ಚೀಲಕ್ಕೆ ಸೇರಿಸಿ, ಮೂಲೆಯ ಗೂಟಕ್ಕೆ ತೂಗುಹಾಕಿ, ‘ಇದನ್ನ ಮುಟ್ಟಿದರ ನೋಡು’ ಎಂದು ಹೆಂಡತಿ ದೌಲತಬಿಗೆ ಹೇಳಿ ಬಾದಾಮಿಗೆ ಹೋದೆ. ಅಲ್ಲಿಯ ಬಂಗಲೆಗೆ ಬಿದಿರಿನ ಪರದೆ ಕಟ್ಟುವ ಕೆಲಸದಲ್ಲಿ ಇಡೀ ಮಳೆಗಾಲ ಕಳೆದು ಡಿಸೆಂಬರ ಬಂತು. ಪರೀಕ್ಷೆಯ ಹಿಂದಿನ ದಿನ ಅಲ್ಲಿಂದ ನೆಟ್ಟಗೆ ಬಾಗಲಕೋಟೆಗೆ ಬಂದು, ಮನೆಯಿಂದ ಚೀಲ ತರಿಸಿಕೊಂಡೆ. ಬಾಯಿ ಬಿಚ್ಚಿಯೂ ನೋಡಲಿಲ್ಲ. ನೋಡುವುದೇನು, ನಾನೇ ಹಡೆದ ಕೋಲು! ಬಾಗಲಕೋಟೆಯ ಬಂಗಲೆಯ ಪಡಸಾಲೆಯಲ್ಲಿ ಅದನ್ನು ಇಟ್ಟು ಮಲಗಿದೆ. ಆ ರಾತ್ರಿ ಅಲ್ಲಿ ಮಲಗಿದವನು ನಾನಲ್ಲದೆ ನೀನೊಬ್ಬನೇ.

ಬೆಳಗ್ಗೆ ಮಡುವಿನಲ್ಲಿ ಸೋರೆಬುರುಡೆ ತೇಲಿಬಿಟ್ಟು, ಅದರ ಹತ್ತಿರ ಯಾರು ಗಾಳ ಇಳಿಸುತ್ತಾರೋ ನೋಡೋಣ ಎಂದರು ಸಾಹೇಬರು. ಮೊದಲ ಸರದಿ ನನ್ನದು. ಕೋಲು ಕೈಗೆ ತೆಗೆದುಕೊಂಡೆ. ನನ್ನದೇ ಕೋಲು, ಕೈಹಿಡಿಯ ಹತ್ತಿರ ನಾನು ಸುಟ್ಟು ಹಾಕಿದ ಗುರುತೂ ಇದೆ. ಆದರೆ ಕೈಗೆ ಏನೋ ಬೇರೆ ಅನಿಸಿತು, ಏನೆಂದು ನಿಂತು ನೋಡಲಿಲ್ಲ. ಬಣ್ಣವೂ ಕಂದಿತ್ತು. ಎಂದಿನಂತೆ ಉದ್ದಕ್ಕೆ ನಿಧಾನ ಬೀಸಿದೆ. ಹುರಿ ಕಾಲ ಬುಡದಲ್ಲಿ ಗುಪ್ಪೆಯಾಯಿತು. ಮತ್ತೆ ಬೀಸಿದೆ, ಮತ್ತೆ ಗುಪ್ಪೆ. ಮಡುವಿನ ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ಕೈ ನಿಲ್ಲಿಸಿ ನೋಡತೊಡಗಿದರು.

ಆಗ ನೀನು ಹಿಂದೆ ಬಂದು ನನ್ನ ಕಿವಿಯಲ್ಲಿ, ‘ಕೈ ಗಿಡ್ಡ ಮಾಡಲೇ ಅಲ್ಲಾ. ಲಗೂನ ಬೀಸು, ಲಗೂನ ನಿಲ್ಲಸು’ ಎಂದು ಪಿಸುಗುಟ್ಟಿದೆ. ನನ್ನ ಮೈಯೆಲ್ಲ ಉರಿದುಹೋಯಿತು. ಮೆತ್ತನೆ ಕೋಲಿಗೆ ಗಿಡ್ಡ ಕೈ? ನಾನೇ ನಿನಗೆ ಕಲಿಸಿದ ಪಾಠವನ್ನು ತಿರುವುಹಾಕಿ ನನಗೇ ಹೇಳುತ್ತೀಯಾ? ಸಾಹೇಬರ ಮುಂದೆ ನನ್ನನ್ನು ಪೂರ್ತಿ ಕೆಡವಬೇಕೆಂದಿದ್ದಾನೆ ಎಂದುಕೊಂಡು, ನೀನು ಹೇಳಿದ್ದಕ್ಕೆ ಉಲ್ಟಾ ಮಾಡಿದೆ. ಮೊದಲಿಗಿಂತ ಉದ್ದಕ್ಕೆ, ಮೊದಲಿಗಿಂತ ನಿಧಾನ. ಗಾಳ ಹಿಂದೆ ಹೋಗಿ ಸಾಹೇಬರ ಟೊಪ್ಪಿಗೆಯನ್ನು ಕಿತ್ತು ನೀರಿಗೆ ಹಾಕಿತು. ಸಾಹೇಬರು ನಗಲಿಲ್ಲ. ಅವರು ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲೆ ನೀನು ವಿಲಾಯತಿ ಕೋಲು ಬಿಟ್ಟು ಅದೇ ನನ್ನ ಕೋಲನ್ನೇ ಕೈಗೆ ತೆಗೆದುಕೊಂಡೆ. ಒಮ್ಮೆ ಅಲುಗಿಸಿ ನೋಡಿದೆ. ಗಿಡ್ಡ ಕೈಯಿಂದ ಚುರುಕಾಗಿ ಎರಡು ಸಲ ಬೀಸಿದೆ. ಗರಿಯ ಗಾಳ ಬುರುಡೆಯ ಬೆನ್ನ ಮೇಲೆ ಕುಳಿತಿತು. ನೌಕರಿ ನಿನ್ನದಾಯಿತು.

ಈಗ ಹೇಳು. ಕೋಲು ಬಿರುಸಾಗಿದೆ ಎಂದು ನಿನಗೆ ಹೇಗೆ ಗೊತ್ತಾಯಿತು? ಕಟ್ಟಿದ ನನಗೇ ಗೊತ್ತಾಗದ್ದು, ಮುಟ್ಟದ ನಿನಗೆ ಗೊತ್ತಾದದ್ದು ಹೇಗೆ? ಬಿರುಸು ಮಾಡಿದವನಿಗೆ ಮಾತ್ರ ಗೊತ್ತಿರುತ್ತದೆ. ಇನ್ನೊಂದು ಮಾತು. ಟೊಪ್ಪಿಗೆ ತೆಗೆದುಕೊಡಲು ಬಗ್ಗಿದಾಗ ಕೋಲು ನನ್ನ ಮೂಗಿಗೆ ಹತ್ತಿರ ಬಂತು. ಅದಕ್ಕೆ ಹೊಗೆಯ ವಾಸನೆ ಇತ್ತು. ನಿನ್ನ ಕಂಬಳಿಗೂ ಅದೇ ವಾಸನೆ. ಬಿದಿರನ್ನು ಬೆಂಕಿಯ ಮೇಲೆ ಹಿಡಿದರೆ ಬಿರುಸಾಗುತ್ತದೆ ಎಂಬುದು ಹಣಿಗೆಯವರ ಮನೆಯ ಗುಟ್ಟು. ಅದನ್ನೂ ನಾನೇ ನಿನಗೆ ಹೇಳಿದ್ದೆನಲ್ಲ, ನನ್ನ ಹಣೆಬರಹ! ನಾನು ಮಲಗಿದ ಮೇಲೆ ನೀನು ಬೆಂಕಿ ಮಾಡಿ ಅದರ ಮೇಲೆ ನನ್ನ ಕೋಲು ಹಿಡಿದೆ. ಇಲ್ಲ ಎನ್ನು ನೋಡೋಣ.

ಸಂಕ್ರಮಣದ ಮುಂದಿನ ವಾರ ಹುನಗುಂದದ ನೇಕಾರರಿಗೆ ಹಣಿಗೆ ಕೊಟ್ಟು ಬರುವಾಗ ನಿನ್ನ ಷಡ್ಡಕ ಬೀರಲಿಂಗಪ್ಪ ಸಿಕ್ಕಿದ್ದ. ‘ನಮ್ಮ ಮಾಳಪ್ಪ ಕುರಿ ಎಲ್ಲಾ ಮಾರಿಬಿಟ್ಟಾನ. ಹೇಣ್ತಿ ಲಗಮವ್ವನ್ನೂ ಬಾಗಲಕೋಟಿಗೆ ಕರಕೊಂಡ. ಬಂಗಲಿ ಹಿತ್ತಲದಾಗ ಮನಿ ಕೊಟ್ಟಾರ’ ಎಂದು ಹಲ್ಲು ಕಿರಿದು ಹೇಳಿದ. ಆ ಹಿತ್ತಲಿನ ಮನೆಯಲ್ಲಿ ದೌಲತಬಿ ಎಲ್ಲಿ ಒಲೆ ಹೂಡಬೇಕೆಂದು ನಾನು ಮೊದಲೇ ನೋಡಿಟ್ಟಿದ್ದೆ. ಅವತ್ತು ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೆ ಎಂದು ಬಚ್ಚಿಡದೆ ಹೇಳುತ್ತೇನೆ.

ಇಷ್ಟಕ್ಕೆ ನಿಲ್ಲಿಸುತ್ತೇನೆ. ಉಳಿದದ್ದನ್ನು ನಾಳೆ ಬರೆದು ಟಪಾಲಿಗೆ ಹಾಕುತ್ತೇನೆ.

ಶನಿವಾರ, ತಾ. ೧೩

ಮಾಳಪ್ಪ,

ನಿನ್ನೆ ಬರೆಯಲಾಗಲಿಲ್ಲ. ಏಕೆಂದು ಹೇಳುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳಬೇಕು.

ಬರೆಯುವಾಗ ಬರೆದದ್ದನ್ನೇ ಬಾಯಲ್ಲಿ ಗುನುಗುವುದು ನನ್ನ ಹಳೆಯ ಚಾಳಿ, ನಿನಗೆ ಗೊತ್ತು. ಗುರುವಾರ ಸಂಜೆ ನಾನು ಬರೆಯುತ್ತಿದ್ದರೆ ದೌಲತಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೊಗೆಯ ವಾಸನೆಯ ಮಾತು ಬಂದಾಗ ರೊಟ್ಟಿಯ ಸಪ್ಪಳ ನಿಂತಿತು. ಆಗ ನಾನು ಗಮನ ಕೊಡಲಿಲ್ಲ. ನಿನ್ನೆ ಬೆಳಗ್ಗೆ ನಾನು ಉಳಿದದ್ದನ್ನು ಬರೆಯಲು ಕುಳಿತಾಗ ಬಂದು ಎದುರಿಗೆ ಕುಳಿತಳು. ‘ಮಾಳಪ್ಪಣ್ಣನ ಮ್ಯಾಲ ಹಾಕಬ್ಯಾಡ್ರಿ. ಕೋಲು ನಮ್ಮ ಒಲಿ ಮ್ಯಾಲ ಇತ್ತು’ ಎಂದಳು.

ನನಗೆ ಮೊದಲು ತಿಳಿಯಲಿಲ್ಲ. ಯಾವ ಕೋಲು ಎಂದೆ. ಆಗ ಎಲ್ಲ ಹೇಳಿದಳು. ನಾನು ಬಾದಾಮಿಗೆ ಹೋದ ಮೇಲೆ ಮಾಳಿಗೆ ಸೋರಿ ಮೂಲೆಯ ಗೂಟದ ಚೀಲ ತೊಯ್ದು ತೊಪ್ಪೆಯಾಯಿತಂತೆ. ಬಿಚ್ಚಿ ನೋಡಿದರೆ ಕೋಲಿಗೆ ಬೂಸು ಹಿಡಿದಿತ್ತಂತೆ. ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳು ಕಂಡದ್ದು ಒಂದೇ ರೀತಿ: ಬಿದಿರು ಹಸಿಯಾದರೆ ಒಲೆಯ ಮೇಲಿನ ಜಂತಿಗೆ ಕಟ್ಟಬೇಕು, ಹೊಗೆ ಕುಡಿದು ಗಟ್ಟಿಯಾಗುತ್ತದೆ. ನಮ್ಮಪ್ಪ ಹಾಗೆ ಮಾಡುತ್ತಿದ್ದ, ನಾನೂ ಹಾಗೇ ಮಾಡುತ್ತೇನೆ. ಹಣಿಗೆಯ ಕಡ್ಡಿಗೆ ಅದು ಒಳ್ಳೆಯದು. ಮೀನಿನ ಕೋಲಿಗೆ ಅದು ಕೇಡೆಂದು ಅವಳಿಗೆ ಯಾರು ಹೇಳಬೇಕಿತ್ತು? ಅವಳೂ ಕಟ್ಟಿದಳು. ಮೂರು ತಿಂಗಳ ರೊಟ್ಟಿಯ ಹೊಗೆಯನ್ನೆಲ್ಲ ಆ ಕೋಲು ಕುಡಿಯಿತು. ನಾನು ತರಿಸಿಕೊಳ್ಳುವ ಹೊತ್ತಿಗೆ ಇಳಿಸಿ, ಒರೆಸಿ, ಚೀಲ ಒಗೆದು, ನಾನು ಹಾಕುವಂಥದೇ ಗಂಟು ಹಾಕಿ ಕಳಿಸಿದಳು. ಮುಟ್ಟಬೇಡ ಎಂದಿದ್ದೆನಲ್ಲ, ಅದಕ್ಕೆ ಹೇಳಲಿಲ್ಲ.

ನಾನು ನಂಬಿದೆನೆಂದು ತಿಳಿಯಬೇಡ. ನಿನ್ನನ್ನು ಉಳಿಸಲು ಕಥೆ ಕಟ್ಟುತ್ತಿದ್ದಾಳೆ ಎಂದೇ ನನಗೆ ಮೊದಲು ಅನಿಸಿತು. ಲಗಮವ್ವ ಏನಾದರೂ ಹೇಳಿ ಕಳಿಸಿದಳೇನು ಎಂದು ಕೇಳಿದೆ. ಕಟ್ಟಿಕೊಂಡ ಹೆಂಡತಿಯನ್ನು ಹಾಗೆ ಕೇಳಿದೆ, ನೋಡು ನನ್ನ ಬುದ್ಧಿ ಎಲ್ಲಿಗೆ ಬಂದಿತ್ತು. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ‘ಮ್ಯಾಲ ಹತ್ತಿ ನೋಡ್ರಿ’ ಎಂದಳು. ಒರಳನ್ನು ಉರುಳಿಸಿ ತಂದು ಅದರ ಮೇಲೆ ನಿಂತೆ. ಜಂತಿಯಲ್ಲಿ ಎರಡು ಕಡೆ, ಕೋಲಿನ ಉದ್ದಕ್ಕೆ ಸರಿಯಾಗಿ, ಎರಡು ಕುಣಿಕೆಗಳು ಇನ್ನೂ ತೂಗುತ್ತಿದ್ದವು. ಒಂದನ್ನು ಬೆರಳಿಂದ ಉಜ್ಜಿದೆ. ಮಸಿಯ ಕೆಳಗೆ ಕೆಂಪು ರೇಷ್ಮೆ. ಕೋಲಿಗೆ ಕಟ್ಟು ಹಾಕಿ ಉಳಿದಿದ್ದ ನನ್ನದೇ ರೇಷ್ಮೆ.

ಇನ್ನೊಂದನ್ನೂ ಉಜ್ಜಿ ನೋಡಿದೆ, ಅದೂ ಅದೇ. ‘ರೊಟ್ಟಿ ಆರತಾವ, ಇಳೀರಿ’ ಎಂದಳು ದೌಲತಬಿ. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ‘ನಿಮ್ಮ ಸಿಟ್ಟು ಇಳೀಲಿ, ಆಮ್ಯಾಲ ಹೇಳೂಣಂತ ಇದ್ದೆ. ಅದು ಇಳೀಲೇ ಇಲ್ಲ’ ಎಂದಳು. ಪರೀಕ್ಷೆ ಸೋತು ಬಂದ ದಿನ ನಾನು ನೀರಿನ ಕೊಡ ಒದ್ದು ಒಡೆದಿದ್ದೆ. ಅದನ್ನು ಕಂಡ ಮೇಲೆ ಅವಳು ಬಾಯಿ ಬಿಡುವುದಾದರೂ ಹೇಗೆ?

ನಿನ್ನೆಯೆಲ್ಲ ಆ ಬೆಳಗ್ಗೆಯನ್ನೇ ಮತ್ತೆ ಮತ್ತೆ ನೆನೆದೆ. ನಿನಗೆ ಹೇಗೆ ಗೊತ್ತಾಯಿತು ಎಂಬುದೊಂದೇ ನನಗೆ ಉಳಿದಿದ್ದ ಗಟ್ಟಿ ಸಾಕ್ಷಿ. ಅದೂ ಹೋಯಿತು. ನಾನು ಬೀಸುವಾಗ ನೀನು ನನ್ನ ಕೋಲನ್ನು ನೋಡುತ್ತಿದ್ದೆ. ಬುಡ ಬಾಗುತ್ತಿಲ್ಲ, ತುದಿಯಷ್ಟೇ ಬಾಗುತ್ತಿದೆ ಎಂಬುದು ಪಕ್ಕದಲ್ಲಿ ನಿಂತವನಿಗೆ ಕಾಣುತ್ತದೆ. ನಾನು ಕೋಲನ್ನು ನೋಡಲೇ ಇಲ್ಲ. ನಾನು ಮಾಡಿದ ಕೋಲು ಮೆತ್ತಗೇ ಇರಬೇಕು ಎಂದು ನನ್ನ ತಲೆಯಲ್ಲಿದ್ದ ಕೋಲನ್ನೇ ಬೀಸುತ್ತಿದ್ದೆ. ಕೈಯಲ್ಲಿ ಯಾವುದು ಇದೆಯೋ ಅದಕ್ಕೆ ತಕ್ಕಂತೆ ಬೀಸು ಎಂದು ನಿನಗೆ ಹತ್ತು ಸಲ ಹೇಳಿದವನು ನಾನು. ಹೊತ್ತು ಬಂದಾಗ ನೀನು ಮಾಡಿದೆ, ನಾನು ಮಾಡಲಿಲ್ಲ.

ಆ ಪಿಸುಮಾತು ಈಗ ಕಿವಿಯಿಂದ ಹೋಗುತ್ತಿಲ್ಲ. ಕೈ ಗಿಡ್ಡ ಮಾಡಲೇ ಅಲ್ಲಾ. ನಿನಗೂ ಆ ನೌಕರಿ ಬೇಕಾಗಿತ್ತು. ಲಗಮವ್ವನನ್ನು ಕುರಿಗಳ ಹಿಂದೆ ಊರೂರು ಅಲೆಸಿ ಸಾಕಾಗಿದೆ ಎಂದು ಹೊಳೆದಂಡೆಯಲ್ಲಿ ಎಷ್ಟು ಸಲ ಹೇಳಿದ್ದೀ. ಸುಮ್ಮನೆ ನಿಂತಿದ್ದರೆ ನೌಕರಿ ತಾನಾಗಿ ನಿನ್ನ ಉಡಿಗೆ ಬೀಳುತ್ತಿತ್ತು. ಆದರೂ ಬಂದು ನನ್ನನ್ನು ಗೆಲ್ಲಿಸಲು ನೋಡಿದೆ. ನಾನು ಅದನ್ನು ವಿಷವೆಂದು ಉಗುಳಿದೆ.

ಗುರುವಾರ ಬರೆದ ಹಾಳೆಗಳನ್ನು ಹರಿದು ಒಲೆಗೆ ಹಾಕಬೇಕೆಂದು ತೆಗೆದುಕೊಂಡೆ. ದೌಲತಬಿ ಕೈ ಹಿಡಿದಳು. ‘ಮನಸಿನ್ಯಾಗ ಏನಿತ್ತು ಅವಗೂ ಗೊತ್ತಾಗಲಿ. ಬರೇ ತೊಳದದ್ದಷ್ಟ ಕಳಿಸಬ್ಯಾಡ್ರಿ’ ಎಂದಳು. ಅದಕ್ಕೆ ಅವೂ ಇದರೊಳಗೆ ಇವೆ. ಓದಿದ ಮೇಲೆ ನೀನು ಬೇಕಾದರೆ ಹರಿದು ಹಾಕು, ಬೇಡವಾದರೆ ಇಟ್ಟುಕೊಂಡು ದಿನಾ ನನ್ನನ್ನು ಬಯ್ಯಿ.

ಕೋಲಿನ ವಿಷಯದಲ್ಲಿ ನಾನು ತಪ್ಪಿದೆ, ಮಾಳಪ್ಪ. ಪೂರಾ ತಪ್ಪಿದೆ. ಎರಡು ತಿಂಗಳು ನಿನ್ನನ್ನು ಕಳ್ಳನೆಂದುಕೊಂಡು ಉಂಡೆ, ಕಳ್ಳನೆಂದುಕೊಂಡು ಮಲಗಿದೆ. ನನ್ನನ್ನು ಕ್ಷಮಿಸು. ಆ ಕೋಲು ಈಗ ನಿನ್ನ ಹತ್ತಿರವೇ ಇದೆಯಲ್ಲ, ತಂಪಿರುವ ಕಡೆ ಇಡು. ಬಿರುಸಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ಆದರೆ ನಿನ್ನ ಕೈಗೆ ಅದು ಸರಿಹೋಗಿದೆ.

ಅರ್ಜಿಯ ಸಂಗತಿ ದೇವರು ನೋಡಿಕೊಳ್ಳುತ್ತಾನೆ. ಯಾರೋ ಹೊಟ್ಟೆಕಿಚ್ಚಿನವನ ಕೆಲಸ ಇರಬೇಕು. ನೀನು ಧೈರ್ಯದಿಂದಿರು. ಲಗಮವ್ವನಿಗೆ ದೌಲತಬಿಯ ಸಲಾಂ.

ನಿನ್ನ ಹಳೆಯ ಗೆಳೆಯ, ನೀನು ಇನ್ನೂ ಹಾಗೆ ಕರೆಯುವುದಾದರೆ,
ಅಲ್ಲಾಸಾಬ ಹಣಿಗೆಯವರ

ತಾ. ಕ. ಪತ್ರ ಮಡಚಿ, ಗೋಂದು ಹಚ್ಚುವ ಮೊದಲು ನಿನ್ನ ಆರು ಸಾಲನ್ನು ಇನ್ನೊಮ್ಮೆ ತೆಗೆದು ಓದಿದೆ. ಓದಿದೆ ಎನ್ನುವುದೇಕೆ, ಈ ಸಲ ಅಕ್ಷರವನ್ನಷ್ಟೇ ನೋಡಿದೆ. ಪ್ರತಿ ಸಾಲಿನ ಕೊನೆಯ ಅಕ್ಷರಕ್ಕೆ ಒಂದು ಸಣ್ಣ ಕೊಂಡಿ ಎಳೆದಿದ್ದೀ. ಶಾಲೆಯಲ್ಲಿ ಯಾರೂ ಅದನ್ನು ಕಲಿಸುವುದಿಲ್ಲ. ಅದು ನನ್ನ ಚಟ. ಉಸುಕಿನಲ್ಲಿ ನನ್ನ ಬರಹದ ಮೇಲೆ ಬೆರಳು ತಿದ್ದಿ ಕಲಿತವನಿಗೆ ಅದೂ ಬಂದುಬಿಟ್ಟಿದೆ.

ಆ ಅರ್ಜಿಯ ಸಾಲುಗಳಿಗೂ ಅದೇ ಕೊಂಡಿ ಇದೆ. ಬರೆದವನು ನಾನು. ಬೀರಲಿಂಗಪ್ಪ ಸಿಕ್ಕ ದಿನವೇ ಹುನಗುಂದದಲ್ಲಿ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬರೆದು, ಅಲ್ಲಿಯೇ ಟಪಾಲಿಗೆ ಹಾಕಿದೆ. ಕಾರೆಕಾಯಿಯ ಮಾತು ಶುದ್ಧ ಸುಳ್ಳು. ಮೇಲೆ ಸಹಿ ಮಾಡಿದ ಮೇಲೂ ಇದನ್ನು ಮುಚ್ಚಿಟ್ಟೇ ಕಳಿಸುವವನಿದ್ದೆ, ದೌಲತಬಿಗೂ ಇನ್ನೂ ಹೇಳಿಲ್ಲ. ಕಾರಕೂನರು ಅರ್ಜಿ ತೋರಿಸಿದಾಗ ನಿನಗೆ ಮೊದಲ ಸಾಲಿಗೇ ಗುರುತು ಹತ್ತಿರಬೇಕು. ಆದರೂ ನೀನು ಗೊತ್ತಿಲ್ಲ ಎಂದೆ. ಹುನಗುಂದದ ಕೆಳಗಿನ ಗೆರೆ ನನ್ನನ್ನು ಹಿಡಿಯಲು ಎಳೆದದ್ದಲ್ಲ, ಹುಷಾರಾಗಿರು ಎಂದು ಎಳೆದದ್ದು. ನನಗೆ ಈಗ ತಿಳಿಯಿತು.

ಈ ಪತ್ರವನ್ನು ಅರ್ಜಿಯ ಪಕ್ಕಕ್ಕಿಟ್ಟು ಸಾಹೇಬರಿಗೆ ತೋರಿಸು ಎಂದು ಹೇಳಿದರೆ ನೀನು ತೋರಿಸುವವನಲ್ಲ. ಟಪಾಲಿಗೆ ಹಾಕಿದರೆ ಸೋಮವಾರದೊಳಗೆ ಮುಟ್ಟುವುದೂ ಇಲ್ಲ. ಅದಕ್ಕೆ ಇದನ್ನು ನಾನೇ ತರುತ್ತಿದ್ದೇನೆ. ಹುನಗುಂದದವರೆಗೆ ಚಕ್ಕಡಿ ಇದೆ, ಅಲ್ಲಿಂದ ನಡೆದರೂ ಸೋಮವಾರ ಬೆಳಗ್ಗೆ ಬಾಗಲಕೋಟೆ ಸೇರುತ್ತೇನೆ. ಲಗಮವ್ವ ಇದನ್ನು ನಿನ್ನ ಕೈಗೆ ಕೊಡುವಾಗ ನಾನು ಬಂಗಲೆಯ ಮೆಟ್ಟಿಲ ಮೇಲೆ ಇರುತ್ತೇನೆ. ಒಳಗೆ ಹೋಗಿ ಸಾಹೇಬರ ಮುಂದೆ ಒಪ್ಪಿಕೊಳ್ಳಲು ನನಗೆ ಹೆದರಿಕೆ ಇದೆ. ನೀನು ಬಾಗಿಲಿಗೆ ಬಂದು ನನ್ನ ಹಿಂದೆ ನಿಲ್ಲು. ಏನಾದರೂ ಪಿಸುಗುಟ್ಟುವುದಿದ್ದರೆ ಪಿಸುಗುಟ್ಟು. ಈ ಸಲ ನೀನು ಹೇಳಿದಂತೆಯೇ ಮಾಡುತ್ತೇನೆ.